ಟೇಪು ರಾಯರು

ಯಾವ ಅಪಾರ್ಟ್‌ಮೆಂಟಿಗಾದರೂ ಹೋಗಿ ನೋಡಿ. ಬೇಸ್‌ಮೆಂಟಿಗೆ ಹೊಸ ಕಾರು ಬಂದ ದಿನ ಅದರ ಬಣ್ಣ ಹೊಗಳುವವರು ಹತ್ತು ಜನ, ಬೆಲೆ ಕೇಳುವವರು ಇಪ್ಪತ್ತು ಜನ, ನೆತ್ತಿ ಅಳೆಯುವವರು ಒಬ್ಬರೇ. ಅವರು ಲೋಕೋಪಯೋಗಿ ಇಲಾಖೆಯಲ್ಲೋ ಸರ್ವೆ ಇಲಾಖೆಯಲ್ಲೋ ದುಡಿದು ನಿವೃತ್ತರಾದವರು. ಜುಬ್ಬಾದ ಜೇಬಿನಲ್ಲಿ ಮೂರು ಮೀಟರಿನ ಸ್ಟೀಲ್ ಟೇಪು, ಕಿವಿಯ ಮೇಲೆ ಪೆನ್ಸಿಲ್ಲು. ನಾವು ಅವರನ್ನು ಟೇಪು ರಾಯರು ಅನ್ನುತ್ತೇವೆ. ನಿಮ್ಮ ಕಡೆ ಹೆಸರು ಬೇರೆ ಇರಬಹುದು, ಟೇಪು ಮಾತ್ರ ಅದೇ.

ವರ್ಷವಿಡೀ ರಾಯರನ್ನು ಕೇಳುವವರಿಲ್ಲ. ಏಪ್ರಿಲ್ ಬಂದು ಮಕ್ಕಳಿಗೆ ರಜೆ ಸಿಕ್ಕು, ಧರ್ಮಸ್ಥಳ-ಸುಬ್ರಹ್ಮಣ್ಯದ ಮಾತೆದ್ದಿತೋ, ಅವರ ಬಾಗಿಲ ಗಂಟೆ ಬಿಡುವಿಲ್ಲದೆ ಬಾರಿಸುತ್ತದೆ. ಕಾರಣ ಸರಳ. ಏಳು ಸೀಟಿನ ಗಾಡಿ ಎಂದು ಕೊಂಡದ್ದಾಗಿದೆ, ಏಳು ಜನ ಕೂತದ್ದೂ ಆಗಿದೆ. ಕೂತ ಮೇಲೆ ಡಿಕ್ಕಿಯಲ್ಲಿ ಉಳಿದ ಜಾಗಕ್ಕೆ ಒಂದು ಫ್ಲಾಸ್ಕು, ಎರಡು ಜೊತೆ ಚಪ್ಪಲಿ ಹಿಡಿಸಿದರೆ ಹೆಚ್ಚು. ಮಿಕ್ಕ ಸಂಸಾರ ತಲೆಯ ಮೇಲೆ ಏರಲೇಬೇಕು.

ಮೊನ್ನೆ ಎರಡನೇ ಮಹಡಿಯ ಹುಡುಗ ತನ್ನ ಎರ್ಟಿಗಾ ತಂದು ನಿಲ್ಲಿಸಿದ. “ಅಂಕಲ್, ಜೆ.ಸಿ. ರೋಡಲ್ಲಿ ವಿಚಾರಿಸಿದೆ. ನಾನೂರೈವತ್ತು ಲೀಟರಿನ ಬಾಕ್ಸು, ಎಲ್ಲಾ ಗಾಡಿಗೂ ಕೂರತ್ತೆ ಸಾರ್ ಅಂದ್ರು.”

ರಾಯರ ಮುಖ ಹರಳೆಣ್ಣೆ ಕುಡಿದಂತಾಯಿತು. “ಲೀಟರ್ ತಗೊಂಡು ಏನ್ಮಾಡ್ತೀಯಪ್ಪ, ನೀರು ತುಂಬಿಸ್ತೀಯಾ? ತುಂಬಿಸಿದ್ರೆ ನಾನೂರೈವತ್ತು ಕಿಲೋ. ಗಾಡಿ ಪುಸ್ತಕ ತಗೊಂಡ್ ಬಾ.”

ಗಾಡಿ ಪುಸ್ತಕ ತರುವುದೆಂದರೆ ಅದೊಂದು ಉತ್ಖನನ. ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಹೊಗೆ ತಪಾಸಣೆಯ ಚೀಟಿ, ಟೋಲ್ ರಸೀತಿ, ಕುಂಕುಮದ ಪೊಟ್ಟಣ, ಅರ್ಧ ಕರಗಿದ ಚಾಕೊಲೇಟು, ಎಲ್ಲಕ್ಕೂ ಅಡಿಯಲ್ಲಿ ಪ್ಲಾಸ್ಟಿಕ್ ಕವರನ್ನೂ ಬಿಚ್ಚದ ಆ ಪುಸ್ತಕ. ಚಾವಣಿ ಎಷ್ಟು ಭಾರ ತಡೆಯುತ್ತದೆಂಬುದು ಅದರಲ್ಲೇ ಇರುತ್ತದೆ. ಸಂಸಾರಸ್ಥರ ಕಾರುಗಳಿಗೆ ಸಾಮಾನ್ಯವಾಗಿ 50ರಿಂದ 75 ಕಿಲೋ. ಕೆಲವಕ್ಕೆ ಮೇಲೆ ಏನನ್ನೂ ಹೇರಬೇಡಿ ಎಂದೇ ಬರೆದಿರುತ್ತದೆ. ಓಡುವ ಗಾಡಿಯ ಲೆಕ್ಕ ಇದು. ನಿಂತ ಗಾಡಿ ಇದಕ್ಕಿಂತ ಎಷ್ಟೋ ಹೆಚ್ಚು ಹೊರುತ್ತದೆ. ಹಾಗಾಗಿಯೇ ಕೆಲವರು ಜೀಪಿನ ಮೇಲೆ ಟೆಂಟು ಬಿಚ್ಚಿ ಇಬ್ಬಿಬ್ಬರು ಮಲಗುವುದು. ತಿರುವಿನಲ್ಲಿ, ಬ್ರೇಕಿನಲ್ಲಿ, ಹಂಪಿನಲ್ಲಿ ಅದೇ ಭಾರ ಬೇರೆ ಆಟ ಆಡುತ್ತದೆ.

ರಾಯರು ಹಾಲಿನ ಬಿಲ್ಲಿನ ಹಿಂದೆ ಕೂಡಿಸಿ ಕಳೆಯುತ್ತಾರೆ. “75 ಅಂತಲೇ ಇಟ್ಕೋ. ಅಡ್ಡಪಟ್ಟಿ ಎರಡು, 5 ಕಿಲೋ. ಬಾಕ್ಸಿನದೇ ತೂಕ 20. ಉಳಿದಿದ್ದು 50. ನಿಮ್ಮ ಸೂಟ್‌ಕೇಸ್ ಒಂದೊಂದು 20 ಬರತ್ತೆ. ಎರಡು ಹೋಗತ್ತೆ, ಮೂರನೇದು ಅರ್ಧ ಹೋಗತ್ತೆ. ಯಾವ ಅರ್ಧ ಅಂತ ಮನೇಲಿ ಕೇಳ್ಕೊಂಡ್ ಬಾ.”

ಹುಡುಗ ಮನೆಯಲ್ಲಿ ಕೇಳಲಿಲ್ಲ. ಮದುವೆಯಾಗಿ ನಾಲ್ಕು ವರ್ಷವಾಗಿದೆ, ಅಷ್ಟು ತಿಳಿವಳಿಕೆ ಬಂದಿದೆ.

ಆಮೇಲೆ ಉದ್ದ. ಇದು ರಾಯರ ಮೆಚ್ಚಿನ ಅಧ್ಯಾಯ. ಅಡ್ಡಪಟ್ಟಿಗಳ ನಡುವೆ ಎಷ್ಟು ಅಂತರ ಸಿಗುತ್ತದೆ, ಬಾಕ್ಸಿನ ಹಿಡಿಕೆಗಳಿಗೆ ಎಷ್ಟು ಬೇಕು, ಮುಂದೆ ಗಾಜಿನ ಮೇಲೆ ಚಾಚಿಕೊಂಡು ಗಾಳಿ ಹಿಡಿಯುತ್ತದೆಯೇ. ಹಿಂದಿನದಂತೂ ಅವರು ಬಾಯಲ್ಲಿ ಹೇಳುವುದೇ ಇಲ್ಲ. ಒಂದು ರಟ್ಟಿನ ಪೆಟ್ಟಿಗೆಯನ್ನು ಚಾವಣಿಯ ಮೇಲೆ ಹಿಡಿದು, “ಈಗ ಡಿಕ್ಕಿ ತೆಗಿ” ಅನ್ನುತ್ತಾರೆ. ಡಿಕ್ಕಿಯ ಬಾಗಿಲು ಮೇಲೆದ್ದು ರಟ್ಟಿಗೆ ಗುದ್ದಿ ಅರ್ಧಕ್ಕೇ ನಿಲ್ಲುತ್ತದೆ. ಅವರ ಮುಖದಲ್ಲಿ ಆ ಗಳಿಗೆಯಲ್ಲಿ ಮೂಡುವ ಆನಂದ ಮೊಮ್ಮಗನ ನಾಮಕರಣದಲ್ಲೂ ಮೂಡಿರಲಿಲ್ಲವೆಂದು ಅವರ ಹೆಂಡತಿಯೇ ಹೇಳಿದ್ದಾರೆ.

ಆ ಉದ್ದುದ್ದ ಬಾಕ್ಸುಗಳ ಆಕಾರಕ್ಕೂ ಒಂದು ಕಾರಣವಿದೆ. ಚಳಿದೇಶಗಳಲ್ಲಿ ಹಿಮದ ಮೇಲೆ ಜಾರುವ ಹಲಗೆಗಳನ್ನು ಅದರಲ್ಲಿ ಮಲಗಿಸಿ ಒಯ್ಯುತ್ತಾರೆ. ನಮ್ಮವರು ಅದೇ ಆಕಾರದೊಳಗೆ ಕುಕ್ಕರು, ಚಾಪೆ, ಮಗುವಿನ ಟಬ್ಬು, ಚಕ್ಕುಲಿ ಡಬ್ಬಿ ತುರುಕಿ, ಮುಚ್ಚಳದ ಮೇಲೆ ಮೊಣಕಾಲೂರಿ ಬೀಗ ಹಾಕುತ್ತಾರೆ. ಬಾಕ್ಸು ಬೇಡ, ಬಟ್ಟೆಯ ಚೀಲ ಸಾಕು ಎನ್ನುವವರನ್ನು ಕಂಡರೆ ರಾಯರು ವಾದಿಸುವುದಿಲ್ಲ. “ಆಷಾಢದಲ್ಲಿ ಶಿರಾಡಿ ಇಳಿದು ಬಾ, ಸೀರೆ ಹಿಂಡ್ಕೊಂಡು ಮಾತಾಡೋಣ” ಎಂದು ಕಳಿಸಿಬಿಡುತ್ತಾರೆ.

ಪಕ್ಕದ ಬ್ಲಾಕಿನವರೊಬ್ಬರು ತಮ್ಮ ಗಾಡಿಯ ನೆತ್ತಿಯ ಮೇಲೆ ಮಿರುಗುವ ಎರಡು ಕಂಬಿ ತೋರಿಸಿ, ನಮ್ಮದಕ್ಕೆ ಕಂಪನಿಯದೇ ಇದೆ ಎಂದು ಬೀಗಿದ್ದರು. ರಾಯರು ಬೆರಳಲ್ಲಿ ತಟ್ಟಿ, ಉಗುರಲ್ಲಿ ಅಂಚು ಮೀಟಿ, “ಇದು ಮೂಗುಬಟ್ಟು ಸ್ವಾಮಿ, ಭಾರ ಹೊರೋದಲ್ಲ” ಎಂದರು. ಅಂಥ ಎಷ್ಟೋ ಕಂಬಿಗಳು ಬರೀ ಅಲಂಕಾರಕ್ಕೆ ಅಂಟಿಸಿದವು ಎಂಬುದು ನಿಜವೇ. ಆದರೆ ಮೂರು ಲಕ್ಷ ಹೆಚ್ಚಿಗೆ ಕೊಟ್ಟು ದೊಡ್ಡ ಮಾಡೆಲ್ ಕೊಂಡ ಮನುಷ್ಯನಿಗೆ ಅದನ್ನು ಸಂಜೆ ವಾಕಿಂಗಿನಲ್ಲಿ ನಾಲ್ಕು ಜನರೆದುರು ಹೇಳಬಾರದಿತ್ತು. ಅವರಿಬ್ಬರೂ ಈಗ ಬೇರೆ ಬೇರೆ ಲಿಫ್ಟು ಬಳಸುತ್ತಾರೆ.

ಅಂಬಾಸಿಡರ್ ಕಾಲದಲ್ಲಿ ಈ ಜಗಳವೇ ಇರಲಿಲ್ಲ. ಆ ಗಾಡಿಯ ಚಾವಣಿಯಂಚಿಗೆ ಮಳೆನೀರು ಹರಿಯುವ ಕಬ್ಬಿಣದ ದೋಣಿ ಇತ್ತು. ಕ್ಯಾರಿಯರಿನ ಕೊಕ್ಕೆಯನ್ನು ಅದಕ್ಕೆ ಸಿಕ್ಕಿಸಿ ತಿರುಪು ಬಿಗಿದರೆ ಮುಗಿಯಿತು. ಹೋಲ್ಡಾಲು, ಟ್ರಂಕು, ಮದುವೆಯ ಪಾತ್ರೆ, ಬಾಳೆಗೊನೆ, ಅದರ ಮೇಲೊಂದು ಟಾರ್ಪಾಲು. ಯಾರೂ ಅಳೆಯುತ್ತಿರಲಿಲ್ಲ, ಹಗ್ಗ ಮುಗಿದಾಗ ಸಾಮಾನು ನಿಲ್ಲುತ್ತಿತ್ತು. 2014ರಲ್ಲಿ ಆ ಕಾರಿನ ತಯಾರಿಕೆ ನಿಂತಾಗ ಉಳಿದವರು ಕಾರಿಗಾಗಿ ಮರುಗಿದರು, ರಾಯರು ಆ ದೋಣಿಗಾಗಿ ಮರುಗಿದರು. ಈಗಿನ ಕಾರುಗಳ ನೆತ್ತಿ ನುಣ್ಣಗಿದೆ. ಒಂದೊಂದಕ್ಕೆ ಒಂದೊಂದು ಬಗೆಯ ಕಾಲು, ಒಂದೊಂದು ಬಗೆಯ ಹಿಡಿತ. ಅಂಗಡಿಯವನ ಅಳತೆ ಮಾತ್ರ ಒಂದೇ: ಕೂರತ್ತೆ ಸಾರ್.

ಹುಡುಗ ಕೊನೆಗೆ ಒಪ್ಪಿ, ಗಿಡ್ಡ ಬಾಕ್ಸೊಂದನ್ನು ಆರಿಸಿದ. ರಾಯರಿಗೆ ಇನ್ನೂ ಎತ್ತರ ಬಾಕಿಯಿತ್ತು. “ನಿನ್ನ ಗಾಡಿ 1690 ಮಿಲಿಮೀಟರ್. ಪಟ್ಟಿ 100, ಬಾಕ್ಸು 400. ಎಷ್ಟಾಯ್ತು?”

“2190, ಅಂಕಲ್.”

“ನಮ್ಮ ಬೇಸ್‌ಮೆಂಟ್ ಬಾಗಿಲಲ್ಲಿ ಏನು ಬರ್ದಿದೆ?”

ಇಬ್ಬರೂ ತಲೆಯೆತ್ತಿ ನೋಡಿದರು. ಸರಪಳಿಯಲ್ಲಿ ತೂಗುತ್ತಿದ್ದ ಹಳದಿ-ಕಪ್ಪು ಕೊಳವೆಯ ಮೇಲೆ 2.1 ಮೀ. ಎಂದಿತ್ತು. ಲೀಟರಿನಲ್ಲಿ ಮಾರುವ ಸಾಮಾನನ್ನು ಕಿಲೋದಲ್ಲಿ ಹೊರಬೇಕು, ಸೆಂಟಿಮೀಟರಿನಲ್ಲಿ ನುಗ್ಗಿಸಬೇಕು. ಮೂರನ್ನೂ ಒಟ್ಟಿಗೆ ಲೆಕ್ಕ ಹಿಡಿಯುವವರನ್ನು ಯಾರೂ ಸಂತೋಷದಿಂದ ಊಟಕ್ಕೆ ಕರೆಯುವುದಿಲ್ಲ, ರಾಯರನ್ನೂ ಕರೆಯುವುದಿಲ್ಲ. ಹುಡುಗ ಬಾಕ್ಸನ್ನು ರಸ್ತೆಯಲ್ಲೇ ಏರಿಸಿದ. ರಾಯರು 2.19 ಎಂದು ಚೀಟಿ ಬರೆದು ಸ್ಟಿಯರಿಂಗ್ ಎದುರಿಗೆ ಅಂಟಿಸಿದರು. ಮೇಲಿನ ಪಟ್ಟಿಬೆಲ್ಟಿಗೆ ತಾವೇ ಒಂದು ಅರ್ಧ ಸುತ್ತು ಕೊಟ್ಟು ಕಟ್ಟಿದರು. ನೇರ ಕಟ್ಟಿದರೆ ಗಾಳಿಗೆ ಹಾಸನದವರೆಗೂ ಗುಂಯ್‌ಗುಡುತ್ತದೆ, ತಿರುಚಿದರೆ ಸುಮ್ಮನಿರುತ್ತದೆ. ಇಂಥದ್ದನ್ನು ಯಾವ ಅಂಗಡಿಯವನೂ ಹೇಳಿಕೊಡುವುದಿಲ್ಲ.

ಹೋಗುವಾಗಿನ ಲೆಕ್ಕ ಸರಿಯಾಗಿಯೇ ಇತ್ತು. ನಾಲ್ಕನೇ ದಿನ ಪುತ್ತೂರಿನಿಂದ ಫೋನು.

“ಅಂಕಲ್, ಮಾವನವರು ಐವತ್ತು ತೆಂಗಿನಕಾಯಿ ಕೊಟ್ಟಿದ್ದಾರೆ. ಮೇಲೆ ಹಾಕ್ಲಾ?”

ರಾಯರು ಪೆನ್ಸಿಲ್ಲು ತೆಗೆದರು. “ಸುಲಿದದ್ದೋ, ಸಿಪ್ಪೆ ಸಮೇತವೋ?”

“ಸುಲಿದದ್ದು.”

“ಮೂವತ್ತು ಕಿಲೋ ಹತ್ರ ಬಂತು. ಭಾರದ್ದೆಲ್ಲ ಕೆಳಗೆ, ಕಾಲಡಿ. ಮೇಲೆ ಹಗುರದ್ದು ಹಾಕು. ಹಪ್ಪಳ ಕೊಟ್ಟಿಲ್ವಾ?”

“ಕೊಟ್ಟಿದ್ದಾರೆ, ಎರಡು ಡಬ್ಬಿ.”

“ಅದನ್ನ ಹಾಕು ಮೇಲೆ.”

ಫೋನಿನ ಆಚೆ ಯಾರೋ ಏನೋ ಹೇಳಿದ್ದು ಕೇಳಿಸಿತು. ಹುಡುಗ ದನಿ ತಗ್ಗಿಸಿದ. “ಆಗಲ್ವಂತೆ ಅಂಕಲ್. ಹಪ್ಪಳ ಪುಡಿಯಾಗತ್ತಂತೆ. ಅತ್ತೆ ಅದನ್ನ ತೊಡೆ ಮೇಲೇ ಇಟ್ಕೊಂಡು ಕೂತಾಗಿದೆ. ಕಾಯಿ ಮೇಲೆ ಹೋಗ್ಲಿ ಅಂತ ಹೇಳ್ತಿದ್ದಾರೆ.”

“ಅತ್ತೆ ಕೂಡ ನಿಮ್ಜೊತೆ ಬರ್ತಿದ್ದಾರಾ?” ಎಂದು ಕೇಳಿ ರಾಯರು ಹಾಲಿನ ಇನ್ನೊಂದು ಬಿಲ್ಲಿಗಾಗಿ ಜೇಬು ತಡಕಿದರು.