ಎಂಜಿನ್ ಮೀಮಾಂಸೆ, ಅಥವಾ ಫಾರ್ಮುಲಾ ಒನ್ ಅಭಿಮಾನಿಯ ವಿರಹತತ್ತ್ವ

ಅಧಿಕಾರಿ ವಿಚಾರ

ಯಾವ ಶಾಸ್ತ್ರಕ್ಕಾದರೂ ಅದನ್ನು ಓದಲು ಅಧಿಕಾರಿ ಯಾರೆಂದು ಮೊದಲೇ ಹೇಳಿಬಿಡಬೇಕು. ಎಂಜಿನಿಯರು ಈ ಶಾಸ್ತ್ರಕ್ಕೆ ಅಧಿಕಾರಿಯಲ್ಲ. ಅವನಿಗೆ ವಿಷಯ ಗೊತ್ತು, ಹಾಗಾಗಿ ಅಭಿಪ್ರಾಯ ಗಟ್ಟಿಯಿಲ್ಲ. ಭಾನುವಾರ ಸಂಜೆ ಆರೂವರೆಗೆ ಮನೆಯವರ ಕೈಯಿಂದ ರಿಮೋಟ್ ಕಸಿದು, ಕೊನೆಯ ಸುತ್ತಿನವರೆಗೂ ರೆಪ್ಪೆ ಮಿಟುಕಿಸದೆ ರೇಸ್ ನೋಡಿ, ಆಮೇಲೆ ‘ಮೊದಲಿನ ಹಾಗಿಲ್ಲ ಬಿಡಿ’ ಎನ್ನುವವನೇ ಉತ್ತಮಾಧಿಕಾರಿ. ಆ ‘ಮೊದಲು’ ಇದ್ದದ್ದು ಯಾವಾಗ ಎಂಬುದೇ ಪ್ರಸ್ತುತ ಗ್ರಂಥದ ವಿಷಯ.

ಪ್ರಮಾಣ ವಿಚಾರ

ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಮೂರರಲ್ಲಿ ಅಭಿಮಾನಿ ಮೊದಲೆರಡನ್ನು ಒಪ್ಪುವುದಿಲ್ಲ. ಅವನಿಗೆ ಶಬ್ದವೊಂದೇ ಪ್ರಮಾಣ, ಅದೂ ಕಿವಿಗೆ ಹತ್ತಿ ಇಟ್ಟುಕೊಳ್ಳುವಷ್ಟಿರಬೇಕು. 2004ರಲ್ಲಿ ಇಟಲಿಯ ಮಾಂಜಾದಲ್ಲಿ ಮೊಂಟೊಯಾ, ವಿ10 ಎಂಜಿನ್ನಿನ ವಿಲಿಯಮ್ಸ್ ಕಾರಿನಲ್ಲಿ ಗಂಟೆಗೆ ಸರಾಸರಿ 262 ಕಿ.ಮೀ. ವೇಗದ ಸುತ್ತು ಹೊಡೆದ. 2018ರಲ್ಲಿ ಅದೇ ಟ್ರ್ಯಾಕಿನಲ್ಲಿ ಹೈಬ್ರಿಡ್ ವಿ6 ಫೆರಾರಿಯ ಕಿಮಿ ರೈಕೊನೆನ್ 263ನ್ನೂ ದಾಟಿ ಆ ದಾಖಲೆ ಮುರಿದ. ಪ್ರತ್ಯಕ್ಷಕ್ಕೆ ಇನ್ನೇನು ಬೇಕು? ಶಬ್ದವಾದಿಗೆ ಮಾತ್ರ ಗಡಿಯಾರ ಕೇಳಿಸದು.

2017ರಲ್ಲಿ ಮರ್ಸಿಡಿಸ್, ತನ್ನ ಎಂಜಿನ್ ಪರೀಕ್ಷಾ ಕೊಠಡಿಯಲ್ಲಿ ಇಂಧನದ ಶಕ್ತಿಯ ಶೇ 50ಕ್ಕಿಂತ ಹೆಚ್ಚನ್ನು ಕೆಲಸಕ್ಕೆ ಹಚ್ಚಿದೆ ಎಂದು ಸಾರಿತು. ಶಬ್ದವಾದಿ ಇದಕ್ಕೆ ಬರೆದ ಭಾಷ್ಯ: ಹಿಂದೆ ಹೊಗೆಕೊಳವೆಯಿಂದ ಪೋಲಾಗುತ್ತಿದ್ದದ್ದೇ ನಮ್ಮ ಪಾಲಿನ ಸಂಗೀತ, ಅದನ್ನೂ ಈ ಜಿಪುಣರು ಟರ್ಬೊ ಹಾಕಿ ಹಿಂಡಿಕೊಂಡರು. ಭೌತಶಾಸ್ತ್ರ ಈ ಆರೋಪವನ್ನು ಬಹುಮಟ್ಟಿಗೆ ಎತ್ತಿಹಿಡಿಯುತ್ತದೆ.

ಪೂರ್ವಪಕ್ಷ

ನಿಯಮಕರ್ತರಾದ ಎಫ್‌ಐಎ ಪಕ್ಷದ ವಾದವಿದು: ಕಾರು ಕಂಪನಿಗಳು ಕಣದಲ್ಲಿ ಉಳಿಯಬೇಕಾದರೆ ರೇಸಿನ ಎಂಜಿನ್ನಿಗೂ ರಸ್ತೆಯ ಕಾರಿಗೂ ನಂಟಿರಬೇಕು. ಅದಕ್ಕೇ 2014ರಲ್ಲಿ 2.4 ಲೀಟರಿನ ವಿ8 ಹೋಗಿ 1.6 ಲೀಟರಿನ ಟರ್ಬೊ ಹೈಬ್ರಿಡ್ ವಿ6 ಬಂತು. ಒಂದು ರೇಸಿಗೆ 100 ಕಿಲೊ ಇಂಧನ, ಮೇಲೊಂದು ಹನಿಯಿಲ್ಲ. ಮೆಲ್ಬರ್ನಿನ ಮೊದಲ ರೇಸಿನಲ್ಲೇ ಸಂಘಟಕರು ಸದ್ದು ಸಾಲದೆಂದು ದೂರಿದರು. ಗದ್ದಲ ಕಡಿಮೆಯಾಯಿತೆಂದು ಮನುಷ್ಯರು ತಕರಾರು ತೆಗೆದ ಪ್ರಸಂಗ ಶಾಸ್ತ್ರಗಳಲ್ಲಿ ವಿರಳ. ಅದೇ ಮೇ ತಿಂಗಳಲ್ಲಿ ಮರ್ಸಿಡಿಸ್, ಬಾರ್ಸಿಲೋನಾದಲ್ಲಿ ಹೊಗೆಕೊಳವೆಗೆ ಕಹಳೆಯ ಬಾಯಿ ಜೋಡಿಸಿ ನೋಡಿತು. ಕಹಳೆ ಕಣ್ಣಿಗೆ ಕಂಡಷ್ಟು ಕಿವಿಗೆ ಕೇಳಲಿಲ್ಲ.

ಸದ್ದು ತಗ್ಗಿದರೂ ದಂಡ ತಗ್ಗಲಿಲ್ಲ. ಲೆಕ್ಕಕ್ಕಿಂತ ಹೆಚ್ಚು ಬಿಡಿಭಾಗ ಬದಲಿಸಿದ್ದಕ್ಕೆ 2015ರ ಬೆಲ್ಜಿಯಂ ರೇಸಿನಲ್ಲಿ ಮೆಕ್‌ಲಾರೆನ್‌ನ ಇಬ್ಬರು ಚಾಲಕರಿಗೆ ಒಟ್ಟು 105 ಸ್ಥಾನ ಹಿಂದೆ ಸರಿಯುವ ಶಿಕ್ಷೆಯಾಯಿತು. ಕಣದಲ್ಲಿದ್ದ ಕಾರುಗಳು 20. ಉಳಿದ ಸ್ಥಾನಗಳನ್ನು ಜನ್ಮಾಂತರದಲ್ಲಿ ತೀರಿಸಬೇಕೇ ಎಂಬ ಬಗ್ಗೆ ನಿಯಮಾವಳಿ ಮೌನವಾಗಿದೆ.

ಸಿದ್ಧಾಂತ

ಇನ್ನು ನಮ್ಮ ಸೂತ್ರ: ಓಡುತ್ತಿರುವ ಎಂಜಿನ್ ಪಾಪಿ, ನಿಷೇಧಗೊಂಡದ್ದು ಪುಣ್ಯಾತ್ಮ.

ನಿದರ್ಶನಗಳು. 1961ರಲ್ಲಿ ಎರಡೂವರೆ ಲೀಟರಿನಿಂದ ಒಂದೂವರೆಗೆ ಇಳಿಸಿದಾಗ ಬ್ರಿಟಿಷ್ ತಂಡಗಳು ಪ್ರತಿಭಟಿಸಿದವು. 1977ರಲ್ಲಿ ರೆನೊ ಟರ್ಬೊ ತಂದಾಗ, ಪದೇ ಪದೇ ಹೊಗೆಯುಗುಳಿ ನಿಲ್ಲುತ್ತಿದ್ದ ಆ ಕಾರಿಗೆ ಹಳದಿ ಟೀ ಕೆಟಲ್ ಎಂದು ಹೆಸರಿಟ್ಟು ನಕ್ಕರು. ಅದೇ ಟರ್ಬೊ ಮುಂದೆ 1000 ಅಶ್ವಶಕ್ತಿ ದಾಟಿ, 1989ರಲ್ಲಿ ನಿಷೇಧಗೊಂಡು ಪುರಾಣಪುರುಷನಾಯಿತು. 2006ರಲ್ಲಿ ವಿ8 ಬಂದಾಗ ವಿ10 ಮುಂದೆ ಇದೇನು ಎಂದು ಗೊಣಗಿದರು. 2014ರಲ್ಲಿ ವಿ8 ಹೋದಾಗ ಅದೇ ಬಾಯಲ್ಲಿ ಅದಕ್ಕೂ ಚರಮಗೀತೆ ಹಾಡಿದರು.

ಆಕ್ಷೇಪ, ಸಮಾಧಾನ

ಆಕ್ಷೇಪ: ಬುದ್ಧ ಸರ್ಕ್ಯೂಟಿನಲ್ಲಿ 2011ರಿಂದ 2013ರವರೆಗೆ ನಡೆದ ಮೂರೂ ಇಂಡಿಯನ್ ಗ್ರ್ಯಾನ್ ಪ್ರಿಗಳಲ್ಲಿ ಓಡಿದ್ದು ವಿ8. ಹಾಗಿದ್ದೂ ಬೆಂಗಳೂರಿನ ಅಭಿಮಾನಿ ಟಿ.ವಿ. ಸ್ಪೀಕರಿನಲ್ಲಿ ಕೇಳಿದ ವಿ10ಗೆ ಹಂಬಲಿಸುವುದು ಹೇಗೆ? ಸಮಾಧಾನ: ವಿರಹಕ್ಕೆ ಸಮಾಗಮ ಆಗಿರಲೇಬೇಕೆಂಬ ನಿಯಮ ಯಾವ ಕಾವ್ಯಶಾಸ್ತ್ರದಲ್ಲೂ ಇಲ್ಲ.

ಫಲಶ್ರುತಿ

2026ರ ನಿಯಮದಲ್ಲಿ ವಿದ್ಯುತ್ ಮೋಟರಿನ ಬಲ 120ರಿಂದ 350 ಕಿಲೋವ್ಯಾಟಿಗೆ ಏರಿದೆ. ಹೊಗೆಯ ಬಿಸಿಯಿಂದ ವಿದ್ಯುತ್ ತೆಗೆಯುತ್ತಿದ್ದ ಸಾಧನ ಹೋಗಿದೆ. ಸೂತ್ರದ ಪ್ರಕಾರ 2014ರ ವಿ6 ಇನ್ನು ಪುಣ್ಯಾತ್ಮರ ಸಾಲಿಗೆ ಸೇರುತ್ತದೆ. ಎಫ್‌ಐಎ ಅಧ್ಯಕ್ಷ ಬೆನ್ ಸುಲಾಯಂ 2025ರಲ್ಲಿ ವಿ10 ಮರಳಿಸುವ ಮಾತೆತ್ತಿದ್ದರು. ಅದೇನಾದರೂ ನಿಜವಾದರೆ, ಕಿವಿ ಮುಚ್ಚಿಕೊಂಡ ಅಭಿಮಾನಿ ಹೈಬ್ರಿಡ್ಡಿನ ಗುನುಗು ಎಷ್ಟು ಇಂಪಾಗಿತ್ತೆಂದು ಕಣ್ಣೀರಿಡುವುದು ಖಂಡಿತ.

ಆದ್ದರಿಂದ ಓದುಗರಲ್ಲಿ ವಿನಂತಿ: ಈಗಿನ ಎಂಜಿನ್ನಿನ ಸದ್ದು ಎಷ್ಟೇ ಹಿಡಿಸದಿದ್ದರೂ ಇಂದೇ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಮುಂದಿನ ನಿಯಮ ಬಂದಾಗ ಅಳುವುದಕ್ಕೆ ಬೇಕಾಗುತ್ತದೆ.