‘ಆಧಾರ ಎಲ್ಲಿ?’ ಮೇಷ್ಟ್ರು

ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ನಿವೃತ್ತ ಮೇಷ್ಟ್ರು. ಸರ್ವಿಸ್ಸಿನಲ್ಲಿದ್ದಷ್ಟು ದಿನ ಕಿಸೆಯಲ್ಲಿ ಕೆಂಪು ಇಂಕಿನ ಪೆನ್ನು; ಈಗ ತೊಡೆಯ ಮೇಲೆ ಮಗ ಬೆಂಗಳೂರಿನಿಂದ ತಂದುಕೊಟ್ಟ ಹಳೇ ಲ್ಯಾಪ್‌ಟಾಪು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯವನ್ನು ಯಾರು ಬೇಕಾದರೂ ತಿದ್ದಬಹುದು ಎಂದು ಮಗ ಹೇಳಿದ. ಯಾರು ಬೇಕಾದರೂ ಕೆಡಿಸಬಹುದು ಎಂದು ಮೇಷ್ಟ್ರಿಗೆ ಕೇಳಿಸಿತು.

ಅವತ್ತಿನಿಂದ ಜಗಲಿಯ ಒಂದು ಮೂಲೆಯಲ್ಲಿ ಹೆಂಗಸರು ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುತ್ತಿದ್ದರೆ, ಇನ್ನೊಂದು ಮೂಲೆಯಲ್ಲಿ ಇವರು ‘ಇತ್ತೀಚೆಗಿನ ಬದಲಾವಣೆಗಳು’ ತೆರೆದು ಕೂರುತ್ತಾರೆ. ವಿಂಗಡಣೆಯೂ ಅಡಿಕೆಯದ್ದೇ. ಪುಸ್ತಕದ ಆಧಾರ ಸಮೇತ ಬಂದದ್ದು ಸರಕು. ಆಧಾರವಿಲ್ಲದಿದ್ದರೂ ವಾಕ್ಯ ನೆಟ್ಟಗಿದ್ದರೆ ಬೆಟ್ಟೆ. ಒಂದು ಅಲ್ಪವಿರಾಮ ಕಿತ್ತು, ಅದನ್ನೇ ಪಕ್ಕದಲ್ಲಿ ನೆಟ್ಟು, ತನ್ನ ಲೆಕ್ಕಕ್ಕೆ ಒಂದು ತಿದ್ದುಪಡಿ ಸೇರಿಸಿಕೊಂಡವನದ್ದು ಗೊರಬಲು. “ಮಂಡಿಗೆ ಹಾಕಿದ್ರೆ ಚೀಲದ ದುಡ್ಡೂ ಹುಟ್ಟೋದಿಲ್ಲ” ಎನ್ನುತ್ತಾ ಅದನ್ನು ರದ್ದು ಮಾಡುತ್ತಾರೆ.

ಮಳೆಗಾಲ ಬಂತೆಂದರೆ ಜೋಗದ ಪುಟದಲ್ಲೂ ನೀರು ಏರುತ್ತದೆ. 253 ಮೀಟರ್ ಇದ್ದದ್ದು ಯಾರದೋ ಅಭಿಮಾನಕ್ಕೆ ಸಿಕ್ಕಿ ‘ಪ್ರಪಂಚದಲ್ಲೇ ಅತಿ ಎತ್ತರ’ ಆಗುತ್ತದೆ. ಒಳಗಿನಿಂದ ಅಮ್ಮಾವ್ರು ಊಟಕ್ಕೆ ಕರೆದರೆ, “ತಡಿ ಮಾರಾಯ್ತಿ, ಜೋಗ ಮತ್ತೆ ಎತ್ತರ ಆಗಿದೆ, ಇಳಿಸಿ ಬರ್ತೀನಿ” ಎಂಬ ಉತ್ತರ. ಸಾರು ಆರುತ್ತದೆ, ಜೋಗ ಇಳಿಯುತ್ತದೆ. ಅಷ್ಟರಲ್ಲಿ ಕರೆಂಟು ಹೋಗುತ್ತದೆ. ಕರೆಂಟು ಹುಟ್ಟುವ ತಾಲ್ಲೂಕಿನಲ್ಲೇ ಎಂದು ಬೇರೆ ಹೇಳಬೇಕೆ?

ಶರಾವತಿಯ ಪುಟವೆಂದರೆ ಮೂರೂ ತಾಲ್ಲೂಕಿನ ಮೇಷ್ಟ್ರುಗಳ ಗದ್ದೆಯ ಅಂಚು. ನದಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ, ಹರಿಯುವುದು ಹೊಸನಗರದ ಮೇಲೆ, ಧುಮುಕುವುದು ಸಾಗರದ ಜೋಗದಲ್ಲಿ. ಒಬ್ಬರು ‘ತೀರ್ಥಹಳ್ಳಿಯ ಶರಾವತಿ’ ಎಂದರೆ ಇನ್ನೊಬ್ಬರು ‘ಸಾಗರದ ಜೀವನದಿ’ ಎನ್ನುತ್ತಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಊರು ಮುಳುಗಿಸಿಕೊಂಡ ಹೊಸನಗರದವರು ಮಾತ್ರ ವಿಶೇಷಣಕ್ಕೆ ಜಗಳಕ್ಕಿಳಿಯುವುದಿಲ್ಲ. ಅವರು ಸೀದಾ ಹೋಗಿ ಮಾಸ್ತಿಕಟ್ಟೆ ಹತ್ತಿರದ ಕುಂಚಿಕಲ್ ಜಲಪಾತಕ್ಕೆ 455 ಮೀಟರ್ ಬರೆದು ಬರುತ್ತಾರೆ. ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನೀರನ್ನು ಒಂದೇ ಧುಮುಕು ಎಂದು ಲೆಕ್ಕ ಹಾಕಬಹುದೇ ಎಂಬ ತಕರಾರು ಚರ್ಚೆ ಪುಟಕ್ಕೆ.

ತೀರ್ಥಹಳ್ಳಿ ಮೇಷ್ಟ್ರ ಕಷ್ಟ ಯಾರಿಗೂ ಬೇಡ. ಕುವೆಂಪು ಹುಟ್ಟಿದ್ದು ಕುಪ್ಪಳಿಯಲ್ಲಿ ಎಂದು ಅವರ ಹಳೇ ಶಿಷ್ಯರೇ ಪದೇ ಪದೇ ಬರೆಯುತ್ತಾರೆ. ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ತಾಯಿಯ ತವರು ಹಿರೇಕೊಡಿಗೆಯಲ್ಲಿ. ಅದು ಕೊಪ್ಪ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ. ಸ್ವಂತ ಕೈಯಾರೆ ಮಹಾಕವಿಯ ತೊಟ್ಟಿಲನ್ನು ಪಕ್ಕದ ಜಿಲ್ಲೆಗೆ ದಾಟಿಸುವಾಗ ಮೇಷ್ಟ್ರ ಬೆರಳು ಒಂದು ಗಳಿಗೆ ತಡೆಯುತ್ತದೆ. ಆದರೂ ಒತ್ತುತ್ತಾರೆ. ಮಾರನೇ ದಿನ ಪೇಟೆಯಲ್ಲಿ ಮಾತಾಡಿಸುವವರು ಕಡಿಮೆ.

ಈ ಮೇಷ್ಟ್ರುಗಳಿಗೆ ನಿಜವಾದ ಎದುರಾಳಿ ಹೋಂಸ್ಟೇ ಹುಡುಗ. ಕೊಡಚಾದ್ರಿ ಪುಟದಲ್ಲಿ 1,343 ಮೀಟರ್ ಎಂಬುದರ ಬೆನ್ನಿಗೇ ‘ಮಲೆನಾಡು ಶೈಲಿಯ ಊಟ, ಜೀಪ್ ವ್ಯವಸ್ಥೆ ಇದೆ’ ಎಂದು ಫೋನ್ ನಂಬರು ಸೇರಿಸಿದ್ದ. ಅಳಿಸಿದ್ದಕ್ಕೆ ಸಂತೆಯಲ್ಲಿ ಅಡ್ಡ ಹಾಕಿದ.

“ಮೇಷ್ಟ್ರೇ, ನಂಬರ್ ತೆಗೀರಿ, ಬೇಡ ಅನ್ನಲ್ಲ. ಗುಡ್ಡದ ದಾರಿ ಬರ್ದಿದ್ನಲ್ಲ, ಅದನ್ಯಾಕೆ ತೆಗೆದ್ರಿ?”

“ಆಧಾರ ಎಲ್ಲಿ?”

“ದಿನಾ ಹತ್ತಿ ಇಳಿಯೋನು ನಾನೇ!”

“ಹತ್ತಿದ್ರೆ ಆಗಲಿಲ್ಲ ಮಾರಾಯ. ಯಾರಾದ್ರೂ ಪುಸ್ತಕದಲ್ಲಿ ಬರೆದಿರಬೇಕು.”

“ಪುಸ್ತಕ ಬರೆಯೋರು ನಮ್ಮನೇಲೇ ಉಳ್ಕೊಂಡು, ನನ್ನೇ ಕೇಳ್ಕೊಂಡು ಹೋದ್ರು!”

“ಹಾಗಾದ್ರೆ ಅದು ಅಚ್ಚಾಗಲಿ. ಆಮೇಲೆ ನೀನೇ ಅದನ್ನ ನೋಡಿ ಬರಿ.”

ನನ್ನನ್ನು ಕೇಳಿದರೆ ಆ ಜಗಳದಲ್ಲಿ ಗೆದ್ದವನು ಹುಡುಗನೇ. ನಿಯಮ ಮಾತ್ರ ಮೇಷ್ಟ್ರ ಕಡೆಗಿದೆ.

ಆದ್ದರಿಂದ ಮಲೆನಾಡಿನ ಯಾವುದೇ ಪುಟ ತಿದ್ದಲು ಹೊರಟವರು ದಯವಿಟ್ಟು ಒಂದು ಪುಸ್ತಕದ ಹೆಸರು, ಪುಟಸಂಖ್ಯೆ ಜೊತೆಗಿಟ್ಟುಕೊಂಡು ಹೊರಡಿ. ರಾತ್ರಿ ಹನ್ನೊಂದಕ್ಕೆ ತಿದ್ದಿದರೆ ಮೇಷ್ಟ್ರು ಮಲಗಿರುತ್ತಾರೆ ಎಂಬ ಲೆಕ್ಕಾಚಾರ ಬೇಡ. ಆ ಹೊತ್ತಿಗೇ ಅವರಿಗೆ ನೆಟ್‌ವರ್ಕ್ ಚೆನ್ನಾಗಿ ಸಿಗುವುದು.