ಫೈಲ್ ಕರಪ್ಟ್ ಆಗಿದೆ ಸಾರ್

ನಮ್ಮ ಆಫೀಸಿನಲ್ಲಿ ಇಪ್ಪತ್ತು ವರ್ಷ ಎಲ್ಲರ ಮಾನ ಕಾಪಾಡಿದ ಮಂತ್ರ ಒಂದೇ: ‘ಫೈಲ್ ಕರಪ್ಟ್ ಆಗಿದೆ ಸಾರ್.’ ಮುಟ್ಟದೇ ಇದ್ದ ವರದಿಗೂ ಇದೇ, ಅರ್ಧ ಬರೆದು ಮರೆತದ್ದಕ್ಕೂ ಇದೇ. ಮಳೆಗಾಲದಲ್ಲಿ ಕೈಕೊಡುವ ಕರೆಂಟು, ಬೇಸಿಗೆಯ ಲೋಡ್ ಶೆಡ್ಡಿಂಗು, ಬ್ಯಾಟರಿ ಸತ್ತ ಯುಪಿಎಸ್ಸು, ಹೀಗೆ ಸಾಕ್ಷಿ ಹೇಳಲೂ ಬೇಕಾದಷ್ಟು ಮಂದಿ.

ಅಷ್ಟರಲ್ಲಿ ಹೊಸ ಮ್ಯಾನೇಜರು ಬಂದರು. ಕಂಪ್ಯೂಟರಿನೊಳಗೆ ಕೂತಿರುವ ವರ್ಡು, ಎಕ್ಸೆಲ್ಲು ಸಾಕು, ಇನ್ನು ಎಲ್ಲರೂ ಬ್ರೌಸರಿನಲ್ಲೇ ಗೂಗಲ್ ಡಾಕ್ಸ್ ಬಳಸಿ ಎಂದರು. ‘ಅದು 2006ರಲ್ಲೇ ಬಂದದ್ದು, ನೀವಿನ್ನೂ...’ ಎಂದು ಮಾತು ನಿಲ್ಲಿಸಿ ನಮ್ಮ ಮುಖ ನೋಡಿದರು. ಅಭಿಪ್ರಾಯ ಕೇಳಲು ಮೀಟಿಂಗೂ ಆಯಿತು.

ಅಕೌಂಟ್ಸಿನವರು ಮೊದಲು ಎದ್ದರು. ಎಕ್ಸೆಲ್ಲಿನ ಒಂದು ಹಾಳೆ 10,48,576 ಸಾಲು ಹಿಡಿಯುತ್ತದೆ. 2007ರ ಆವೃತ್ತಿ ಬರುವ ತನಕ ಬರೀ 65,536ರಲ್ಲಿ ಸಂಸಾರ ತೂಗಿಸಿದವರು ನಾವು ಎಂದು ಗದ್ಗದರಾದರು. ಅವರ ಅತಿ ದೊಡ್ಡ ಪಟ್ಟಿಯಲ್ಲಿ ನಾನೂರು ಸಾಲು ಇದ್ದರೆ ಹೆಚ್ಚು.

ಟೈಪಿಂಗ್ ಅಕ್ಕನದು ಮಾತ್ರ ನಿಜವಾದ ಸಂಕಟ. ಅವರ ಕಡತವೆಲ್ಲ ಹಳೆಯ ‘ನುಡಿ’ ತಂತ್ರಾಂಶದಲ್ಲಿ. ಯುನಿಕೋಡ್ ಬಳಕೆಗೆ ಬರುವ ಮುಂಚಿನ ಫಾಂಟುಗಳಲ್ಲಿ ಒಳಗಿರುವುದು ಇಂಗ್ಲಿಷಿನ ಸಂಕೇತ, ಹೊರಗೆ ಕನ್ನಡದ ವೇಷ. ಆ ಫಾಂಟು ಇಲ್ಲದ ಕಡೆ ಕಾಲಿಟ್ಟರೆ ವೇಷ ಕಳಚಿತು. ಹದಿನೈದು ವರ್ಷದ ಸುತ್ತೋಲೆಗಳನ್ನು ಅಕ್ಕ ಬ್ರೌಸರಿಗೆ ಅಂಟಿಸಿದರೆ, ‘ಮಾನ್ಯರೇ’ ಇದ್ದಲ್ಲಿ ತಲೆ ಮೇಲೆ ಕಡ್ಡಿ ಹೊತ್ತ ಎ, ನೆತ್ತಿಗೆ ಬಳೆ ಸಿಕ್ಕಿಸಿಕೊಂಡ ಇನ್ನೊಂದು ಎ, ನಡುವೆ ಪೌಂಡಿನ ಗುರುತು. ಅಕ್ಕ ಕನ್ನಡಕ ಸರಿಮಾಡಿಕೊಂಡು, ‘ಇದನ್ನ ಲಂಡನ್ನಿಗೆ ಕಳಿಸೋದಾ ಸಾರ್?’ ಎಂದರು.

ಆದರೂ ಮ್ಯಾನೇಜರೇ ಗೆದ್ದರು. ನನ್ನ ವೋಟೂ ಅವರಿಗೇ. ಸೇವ್ ಒತ್ತುವ ಶ್ರಮವೂ ಇಲ್ಲವಲ್ಲ ಎಂಬ ಆಸೆ. ಎರಡು ವಾರ ಕಳೆದ ಮೇಲೆ ತಿಳಿಯಿತು, ಅದು ನಮ್ಮ ಬರಹವನ್ನಷ್ಟೇ ಅಲ್ಲ, ನಮ್ಮ ಬಂಡವಾಳವನ್ನೂ ಸೇವ್ ಮಾಡುತ್ತದೆ! ವರ್ಷನ್ ಹಿಸ್ಟರಿ ಎಂಬ ಚಿತ್ರಗುಪ್ತ ಒಳಗೆ ಕೂತು, ಯಾರು ಎಷ್ಟು ಹೊತ್ತಿಗೆ ಏನು ಬರೆದರು, ಏನು ಅಳಿಸಿದರು ಎಂದು ಬರೆದಿಡುತ್ತಾನೆ. ಸೋಮವಾರದ ವರದಿಯನ್ನು ನಾನು ಭಾನುವಾರ ರಾತ್ರಿ 11.40ಕ್ಕೆ ಶುರು ಮಾಡಿದ್ದು, ಹೋದ ವರ್ಷದ್ದನ್ನೇ ಅಂಟಿಸಿ ಇಸವಿ ತಿದ್ದಿದ್ದು, ಎಲ್ಲ ಅಲ್ಲಿತ್ತು. ಮ್ಯಾನೇಜರು ಬೈಯಲಿಲ್ಲ. ‘ಮೂರನೇ ಪುಟದಲ್ಲಿ ಇಸವಿ ಬದಲಾಗಿಲ್ಲ ನೋಡಿ’ ಎಂದರು. ಬೈದಿದ್ದರೆ ವಾಸಿಯಿತ್ತು.

ಮೊನ್ನೆ ರಸ್ತೆ ಅಗೆಯುವವರು ಕೇಬಲ್ ಕಡಿದರು. ಆಫೀಸಿಗೆ ಹಬ್ಬದ ಕಳೆ. ‘ನೆಟ್ ಇಲ್ಲ ಸಾರ್’ ಎಂದು ನಾನೇ ಓಡಿಹೋಗಿ ತಿಳಿಸಿದೆ.

‘ಪರವಾಗಿಲ್ಲ, ಎಲ್ಲರಿಗೂ ಆಫ್‌ಲೈನ್ ಹಾಕಿಸಿದ್ದೇನೆ, ಬರೀತಾ ಇರಿ.’

ಟೈಪಿಂಗ್ ಅಕ್ಕ ಮೂಲೆಯಲ್ಲಿ ಮುಸಿಮುಸಿ ನಗುತ್ತಿದ್ದರು. ನುಡಿಯ ಕಡತಗಳಿಗೋಸ್ಕರ ಅವರ ಹಳೆ ಕಂಪ್ಯೂಟರನ್ನು ಹಾಗೇ ಬಿಟ್ಟಿದ್ದಾರೆ. ಅದಕ್ಕೆ ನೆಟ್ಟೂ ಇಲ್ಲ, ಹಿಸ್ಟರಿಯೂ ಇಲ್ಲ.

‘ಅಕ್ಕಾ, ನಿಮ್ಮ ಪಕ್ಕದ ಕುರ್ಚಿ ಖಾಲಿ ಇದೆಯಾ?’ ಎಂದು ಕೇಳಿದೆ.